ಪಾಠಕ್ಕೆ ನಿಲ್ಲುವ ಹುಡುಗಿ

ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಆಗ ನನಗಿನ್ನೂ ನನ್ನ ಜಡೆ ನಾನೇ ಹೆಣೆದುಕೊಳ್ಳಲು ಬರುತ್ತಿರಲಿಲ್ಲ.

ಅಣ್ಣನನ್ನು ಅವನು ದುಡಿಯುತ್ತಿದ್ದ ಲಾಂಡ್ರಿಯಿಂದ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ತಂದು ಬಾಗಿಲ ಮುಂದೆ ಇಳಿಸಿದ್ದರು. ಅಲ್ಲಿನ ಮೇಸ್ತ್ರಿ ಅವನ ಕೆನ್ನೆಗೆ ಹೊಡೆದಿದ್ದ. ಅಣ್ಣ ತಿರುಗಿಸಿ ಕೊಟ್ಟಿದ್ದ. ಅವನು ಮಾಡಿದ್ದು ಅಷ್ಟೇ. ಮೇಸ್ತ್ರಿಯ ಕಡೆಯವರು ಅವನನ್ನು ಬಾಯ್ಲರಿನ ಹಿಂದಕ್ಕೆ ಎಳೆದುಕೊಂಡು ಹೋದರು. ಬಟ್ಟೆ ಬಿಚ್ಚಿದಾಗ ಅವನ ಮುಖ ಯಾವ ಕಡೆಗಿದೆ ಎಂದು ನನಗೆ ತಿಳಿಯಲಿಲ್ಲ.

"ಜಾರಿ ಬಿದ್ದ" ಅಂದರು ತಂದವರು. ಅಂದು, ಸುತ್ತಿದ್ದ ಬಟ್ಟೆಯನ್ನು ವಾಪಸ್ ಕೇಳಿದರು. ಲೆಕ್ಕದ ಬಟ್ಟೆಯಂತೆ.

ಅಮ್ಮ ಅಳಲಿಲ್ಲ. ನನ್ನ ಕೈ ಹಿಡಿದೆಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. "ಹೇಳು. ಯಾರೇ ಏನೇ ಮಾಡ್ಲಿ, ಕೈ ಎತ್ತಲ್ಲ ಅಂತ ಹೇಳು."

ಹೇಳಿದೆ. ಅವಳ ನೆತ್ತಿ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

ದೊಡ್ಡವಳಾದ ಮೇಲೆ ಅದೇ ಲಾಂಡ್ರಿಗೆ ಸೇರಿದೆ. ನಮ್ಮ ಓಣಿಯವರಿಗೆ ಬೇರೆ ಬಾಗಿಲು ಯಾವುದು ತೆರೆದಿತ್ತು? ಮೇಸ್ತ್ರಿ ಅಷ್ಟರಲ್ಲಿ ಮುದುಕನಾಗಿ, ಸುಖವಾಗಿ, ಹಾಸಿಗೆಯಲ್ಲೇ ಸತ್ತಿದ್ದ. ಅವನ ಜಾಗಕ್ಕೆ ಬಂದವನಿಗೆ ನಾವು ಸೀಟಿ ಎಂದು ಹೆಸರಿಟ್ಟಿದ್ದೆವು. ಕೊರಳಲ್ಲಿ ಒಂದು ಸೀಟಿ ಕಟ್ಟಿಕೊಂಡಿರುತ್ತಿದ್ದ. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊದುತ್ತಿದ್ದ. ಯಾರನ್ನು ಊದಿದ್ದು ಎಂದು ನಾವೇ ತಿಳಿದುಕೊಳ್ಳಬೇಕು. ತಿಳಿಯುವುದು ತಡವಾದರೆ ಒದ್ದೆ ಟವೆಲ್ಲನ್ನು ಹಗ್ಗದ ಹಾಗೆ ತಿರುಚಿ ಮೀನಖಂಡಕ್ಕೆ ಬಾರಿಸುತ್ತಿದ್ದ. ಒದ್ದೆ ಟವೆಲ್ಲಿನ ಏಟು ಮೂಳೆವರೆಗೆ ಇಳಿಯುತ್ತದೆ, ಚರ್ಮದ ಮೇಲೆ ಗುರುತು ಉಳಿಯುವುದಿಲ್ಲ. ಆ ಕೆಲಸವನ್ನು ಅವನು ಚೆನ್ನಾಗಿ ಕಲಿತಿದ್ದ.

ನಮಗೆ ಬರುತ್ತಿದ್ದದ್ದು ಆಸ್ಪತ್ರೆಯ ಬಟ್ಟೆ. ರಕ್ತ, ಕೀವು, ಉಚ್ಚೆ, ಹೇಲು. ಹೆರಿಗೆ ವಾರ್ಡಿನ ಗಂಟು ಬಿಚ್ಚಿದರೆ ಬಿಸಿ ಇನ್ನೂ ಆರಿರುತ್ತಿರಲಿಲ್ಲ. ಒಮ್ಮೆ ಗಂಟಿನೊಳಗಿಂದ ಕತ್ತರಿಸಿದ ಬೆರಳು ಬಂತು. ಸೀಟಿ ಅದನ್ನು ಕಾಲಲ್ಲಿ ತಳ್ಳಿ, "ಇದನ್ನೂ ಒಗೆದು ಕಳಿಸೋಣ್ವಾ?" ಅಂದು ತಾನೇ ನಕ್ಕ. ಬ್ಲೀಚಿಂಗ್ ನೀರಲ್ಲಿ ನಮ್ಮ ಉಗುರು ಸುಲಿದು ಹೋಗುತ್ತಿದ್ದವು. ಇಸ್ತ್ರಿ ರೋಲರಿಗೆ ಬಟ್ಟೆ ಕೊಡುವಾಗ ಮೊಣಕೈಯವರೆಗೆ ಸುಡುತ್ತಿತ್ತು. ಒದ್ದೆ ಹಾಸುಗಳನ್ನು ಇಬ್ಬಿಬ್ಬರು ಎದುರುಬದುರು ನಿಂತು ಹಿಂಡುತ್ತಿದ್ದೆವು. ಒಬ್ಬಳು ಬಲಕ್ಕೆ ತಿರುಚಿದರೆ ಇನ್ನೊಬ್ಬಳು ಎಡಕ್ಕೆ. ನನ್ನ ಜೋಡಿ, ಮೊಮ್ಮಗಳಿರುವ ಹೆಂಗಸು, ಅವಳನ್ನು ಎಲ್ಲರೂ ಉದ್ದಕ್ಕ ಎನ್ನುತ್ತಿದ್ದರು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದ. ನಮ್ಮಿಬ್ಬರ ಮಣಿಕಟ್ಟು ಗಂಡಸರ ಮಣಿಕಟ್ಟಿನ ಹಾಗಿದ್ದವು. ಅಷ್ಟು ಬಲ ಇಟ್ಟುಕೊಂಡು ಏಟು ತಿನ್ನುತ್ತಿದ್ದೆವು.

ನಾನು ಸಹಿಸಿಕೊಂಡದ್ದು ಶಾಲೆಯಲ್ಲಿ ಮಗಳ ಸೀಟು ಉಳಿಯಲಿ ಎಂದು. ಅವಳಪ್ಪ ಅವಳು ಹುಟ್ಟುವ ಮೊದಲೇ ಕೆಲಸ ಹುಡುಕಿಕೊಂಡು ಹೋದವನು, ಇನ್ನೂ ಹುಡುಕುತ್ತಿದ್ದಾನೆ. ಲಾಂಡ್ರಿಯ ಯಜಮಾನನೇ ಇಂಗ್ಲಿಷ್ ಶಾಲೆಯ ಆಡಳಿತ ಮಂಡಳಿಯಲ್ಲಿದ್ದ. ಬಾಯಿ ಮುಚ್ಚಿಕೊಂಡು ದುಡಿಯುವವರ ಒಂದೆರಡು ಮಕ್ಕಳಿಗೆ ಅಲ್ಲಿ ಪುಕ್ಕಟೆ ಸೀಟು ಕೊಡಿಸುತ್ತಿದ್ದ. ಕೆಲಸ ಹೋದ ದಿನ ಸೀಟೂ ಹೋಗುತ್ತದೆ. ಇದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಆ ಶಾಲೆ ಮುಗಿಸಿದರೆ ಮಗಳು ಒಗೆಯುವ ನೀರಿಗೆ ಕೈ ಇಡಬೇಕಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.

ಒಂದು ಸಂಜೆ ಮಗಳು ಮನೆಗೆ ಬಂದು, "ಇಂಗ್ಲಿಷ್ ಮೇಷ್ಟ್ರು ದಿನಾ ನನ್ನನ್ನೇ ಮುಂದೆ ಕರೀತಾರೆ" ಅಂದಳು.

"ಕರೆದು?"

"ನಿಲ್ಲಿಸ್ತಾರೆ."

"ನಿಲ್ಲಿಸಿ?"

"ಪಾಠ ಮಾಡ್ತಾರೆ."

ನನ್ನ ಎದೆ ಉಬ್ಬಿತು. ಮರುದಿನ ಹಾಸು ಹಿಂಡುತ್ತಾ ಉದ್ದಕ್ಕನಿಗೆ ಹೇಳಿದೆ. ಅವಳು ಆ ತುದಿಯಿಂದಲೇ ಕೂಗಿದಳು, "ಕೇಳಿದ್ರೇನ್ರೇ? ಇವಳ ಮಗಳು ಕ್ಲಾಸಲ್ಲಿ ಮುಂದೆ ನಿಲ್ತಾಳಂತೆ. ನಮ್ಮ ವಂಶಕ್ಕೆ ಗುಂಪು ಫೋಟೋದಲ್ಲೂ ಆ ಭಾಗ್ಯ ಸಿಕ್ಕಿಲ್ಲ."

ಮುಂದೆ ನಿಲ್ಲುವ ಹುಡುಗಿಯ ಲಂಗ ಸುಕ್ಕಾಗಿರಬಾರದು. ಪಾಳಿ ಮುಗಿಯುವ ಹೊತ್ತಿಗೆ ರೋಲರಿನಲ್ಲಿ ಉಳಿದ ಬಿಸಿಗೆ ಅವಳ ಲಂಗವನ್ನೂ ಕದ್ದು ಕೊಡತೊಡಗಿದೆ. ಒಂದು ದಿನ ಸೀಟಿ ನೋಡಿದ. ಟವೆಲ್ ತಿರುಚಿದ. ಅವತ್ತು ನನಗೆ ನೋವಾಗಲಿಲ್ಲ. ಲಂಗದ ನಿರಿಗೆ ಬ್ಲೇಡಿನ ಹಾಗೆ ನಿಂತಿತ್ತು.

ಸಂಜೆ ಮಗಳು ನನ್ನ ಸುಟ್ಟ ಕೈಗೆ ಎಣ್ಣೆ ಹಚ್ಚುತ್ತಾ ಪಾಠ ಒಪ್ಪಿಸುತ್ತಿದ್ದಳು. ಬಲಗೈಯಲ್ಲಿ ಮಾತ್ರ ಹಚ್ಚುತ್ತಿದ್ದಳು. ಎಡಗೈ ಮುಷ್ಟಿ ಕಟ್ಟಿರುತ್ತಿತ್ತು. ಮಕ್ಕಳ ಅಭ್ಯಾಸ ಎಂದುಕೊಂಡಿದ್ದೆ.

"ಅಮ್ಮ, ಒಂದು ವಾಕ್ಯ ಹೇಳು. ಯಾರೋ ಏನೋ ಮಾಡಿದ್ದು."

"ಸೀಟಿ ಉದ್ದಕ್ಕಂಗೆ ಹೊಡೆದ."

"ಇದು ಆ್ಯಕ್ಟಿವ್ ವಾಯ್ಸ್. ಮಾಡಿದೋನು ಮುಂದೆ ನಿಂತಿದಾನೆ. ಈಗ ಪ್ಯಾಸಿವ್ ಮಾಡ್ತೀನಿ. ಉದ್ದಕ್ಕ ಸೀಟಿಯಿಂದ ಹೊಡೆಯಲ್ಪಟ್ಟಳು."

ನಾನು ನಕ್ಕುಬಿಟ್ಟೆ. ಗೋಡೆ ಬದಿ ಮಲಗಿದ್ದ ಅಮ್ಮನಿಗೂ ನಗು ಬಂದು ಕೆಮ್ಮು ಹತ್ತಿತು. "ಹೊಡೆಯಲ್ಪಟ್ಟಳಂತೆ. ಯಾರ ಮನೇಲಿ ಹಾಗೆ ಮಾತಾಡ್ತಾರೇ?"

"ಮತ್ತೆ ಏನಂತೀವಿ ಅಜ್ಜಿ?"

"ಏಟು ತಿಂದ್ಲು ಅಂತೀವಿ."

ಮಗಳು ಪೆನ್ಸಿಲ್ ಕಚ್ಚಿ ಯೋಚಿಸಿದಳು. "ಹಾಗಂದ್ರೆ ತಿಂದಿದ್ದು ಉದ್ದಕ್ಕ ಅಂತಾಯ್ತು. ಸೀಟಿ ಎಲ್ಲಿ ಹೋದ?"

ಅಮ್ಮ ಗೋಡೆಯ ಕಡೆ ಹೊರಳಿದಳು.

"ಯಾವ ವಾಯ್ಸ್ ಅಂತ ಕಂಡುಹಿಡಿಯೋದು ಸುಲಭ ಅಮ್ಮ" ಅಂದಳು ಮಗಳು. "ಮೊದಲು ಏನು ಕೆಲಸ ನಡೀತು ಅಂತ ನೋಡು. ಆಮೇಲೆ ಮುಂದೆ ನಿಂತಿರೋರು ಅದನ್ನ ಮಾಡಿದ್ರಾ, ಇಲ್ಲ ಅದು ಅವರ ಮೇಲೆ ಆಯ್ತಾ ಅಂತ ಕೇಳು. ಪ್ಯಾಸಿವ್ ಆದ್ರೆ ಮಾಡಿದೋರು ಕೊನೇಲಿ ಬರ್ತಾರೆ, ಬೈ ಅನ್ನೋ ಇಂಗ್ಲಿಷ್ ಪದದ ಹಿಂದೆ. ಆ ಬೈ ಬಿಟ್ರೂ ನಡೆಯುತ್ತೆ. ಮಾಡಿದೋರು ಯಾರು ಅಂತ ಗೊತ್ತಿಲ್ದಿದ್ರೆ, ಇಲ್ಲಾ ಹೇಳೋದು ಬೇಡ ಅಂದ್ರೆ."

"ಯಾರಿಗೆ ಬೇಡ?" ಅಂದಳು ಅಮ್ಮ, ಗೋಡೆಯ ಕಡೆಯಿಂದ.

"ಅದನ್ನ ಮೇಷ್ಟ್ರು ಹೇಳ್ಕೊಟ್ಟಿಲ್ಲ ಅಜ್ಜಿ."

ಶಾಲೆಯಲ್ಲಿ ಪೋಷಕರ ದಿನ ಬಂತು. ಅಂದು ಅಪ್ಪ ಅಮ್ಮಂದಿರು ತರಗತಿಯಲ್ಲೇ ಕೂತು ಪಾಠ ನೋಡಬಹುದು. ಸೀಟಿಯ ಕಾಲು ಹಿಡಿದು ಅರ್ಧ ದಿನ ರಜೆ ಪಡೆದೆ. ಕೈಯನ್ನು ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆದೆ. ಬ್ಲೀಚಿಂಗ್ ವಾಸನೆ ಹೋಗಲಿಲ್ಲ.

ದುಡ್ಡು ಕೊಟ್ಟು ಓದಿಸುವವರಿಗೆ ಕುರ್ಚಿ ಹಾಕಿದ್ದರು. ಪುಕ್ಕಟೆ ಸೀಟಿನವರು ಹಿಂದೆ ಗೋಡೆಗೆ ಒರಗಿ ನಿಲ್ಲಬೇಕು. ಮುಂದಿನ ಸಾಲಿನ ನಡುವೆ ಯಜಮಾನ ಕೂತಿದ್ದ. ಅವನ ಕಾರಿನ ಜೊತೆ ಬಂದ ಸೀಟಿ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ನೋಡಿ ಗಲ್ಲ ಎತ್ತಿ, ಗೋಡೆಗೆ ಇನ್ನೂ ಅಂಟಿಕೋ ಎಂದು ಸನ್ನೆ ಮಾಡಿದ. ಅಂಟಿಕೊಂಡೆ.

ಮೇಷ್ಟ್ರು ಬಂದರು. ಬಿಳಿ ಶರ್ಟು, ಕನ್ನಡಕ, ಕೈಯಲ್ಲಿ ಮರದ ಉದ್ದ ಸ್ಕೇಲು. ಒಳ್ಳೆಯ ಗಂಟಲು. "ಆ್ಯಕ್ಟಿವ್ ವಾಯ್ಸ್ ಯಾವುದು, ಪ್ಯಾಸಿವ್ ವಾಯ್ಸ್ ಯಾವುದು ಅಂತ ಕಾಲೇಜು ಮೆಟ್ಟಿಲು ಹತ್ತಿದೋರೂ ಒದ್ದಾಡ್ತಾರೆ" ಅಂದರು. "ನನ್ನ ಕ್ಲಾಸಿನಲ್ಲಿ ಒಬ್ಬರೂ ತಪ್ಪಲ್ಲ. ಯಾಕೆ? ನಾನು ಬೋರ್ಡಿನ ಮೇಲೆ ಬರೆದು ಬಿಡಲ್ಲ. ಮಾಡಿ ತೋರಿಸ್ತೀನಿ. ಕಿವೀಲಿ ಕೇಳಿದ್ದು ಮರೆಯುತ್ತೆ, ಕಣ್ಣಲ್ಲಿ ನೋಡಿದ್ದು ಮರೆಯಲ್ಲ."

ಇಬ್ಬರನ್ನು ಕರೆದರು. ಔಷಧಿ ಅಂಗಡಿಯವರ ಹುಡುಗ. ಆಮೇಲೆ ನನ್ನ ಮಗಳು.

ಅವಳು ಎದ್ದು ಬಂದು ವೇದಿಕೆ ಹತ್ತಿದಳು. ಲಂಗದ ನಿರಿಗೆ ನೆಟ್ಟಗೆ ಇತ್ತು. ನಾನು ಪಕ್ಕದಲ್ಲಿ ನಿಂತಿದ್ದವಳಿಗೆ, "ನಮ್ಮ ಹುಡುಗಿ" ಅಂದೆ.

ಮೇಷ್ಟ್ರು ಸ್ಕೇಲನ್ನು ಹುಡುಗನ ಕೈಗೆ ಕೊಟ್ಟರು. ಮಗಳು ಯಾರೂ ಹೇಳುವ ಮೊದಲೇ ಎಡಗೈ ಚಾಚಿದಳು. ಆಗ ಅವಳ ಅಂಗೈ ಕಂಡಿತು. ಊದಿಕೊಂಡಿತ್ತು. ನಡುವೆ ಕಪ್ಪಗೆ ಹೆಪ್ಪುಗಟ್ಟಿತ್ತು. ಹಳೆಯ ಬಾಸುಂಡೆಯ ಮೇಲೆ ಹೊಸದು.

"ದ ಬಾಯ್ ಹಿಟ್ಸ್ ದ ಗರ್ಲ್."

ಹುಡುಗ ಹೊಡೆದ. ಚಟ್.

"ಇಲ್ಲಿ ಹುಡುಗ ಮುಂದೆ. ಮಾಡೋನು ಅವನು. ಇದು ಆ್ಯಕ್ಟಿವ್. ಈಗ ಹುಡುಗಿ, ನೀನು ಮುಂದೆ ಬಾ. ದ ಗರ್ಲ್ ಈಸ್ ಹಿಟ್ ಬೈ ದ ಬಾಯ್."

ಚಟ್.

"ಏಟು ಅದೇ, ಕೈ ಅದೇ. ಜಾಗ ಮಾತ್ರ ಬದಲು. ಅರ್ಥ ಆಯ್ತಲ್ಲ?"

ಕುರ್ಚಿಯವರು ನಕ್ಕರು. ಒಬ್ಬ ಹೆಂಗಸು ಚಪ್ಪಾಳೆ ತಟ್ಟಿದಳು. ಹುಡುಗ ಸ್ಕೇಲಿನ ತುದಿಯನ್ನು ಕರವಸ್ತ್ರದಿಂದ ಒರೆಸಿದ. ಅವಳ ಕೈಗೆ ತಗುಲಿದ ತುದಿಯನ್ನು. ಯಾರೂ ಹೇಳಿಕೊಡದೆ ಒರೆಸಿದ. ದಿನವೂ ಒರೆಸುತ್ತಿದ್ದ ಅಂತ ಕಾಣುತ್ತದೆ.

"ಪಾಪ, ಮಗೂಗೆ ನೋಯಲ್ವಾ ಮೇಷ್ಟ್ರೇ?" ಅಂದ ಯಾರೋ.

"ಒಗೆಯೋರ ಮಕ್ಕಳು ಸಾರ್" ಅಂದರು ಮೇಷ್ಟ್ರು. "ಕೈ ಗಟ್ಟಿ. ಅದಕ್ಕೇ ಇವಳನ್ನ ಆರಿಸಿದ್ದು."

ನಾನು ಗೋಡೆಗೆ ಅಂಟಿಕೊಂಡೇ ಇದ್ದೆ. ಅಮ್ಮನ ನೆತ್ತಿ ನನ್ನ ಅಂಗೈ ಕೆಳಗೆ ಸುಡುತ್ತಿತ್ತು.

"ಈಗ ಕೊನೇದು. ಬೈ ಬಿಡೋದು. ಹುಡುಗಿ, ಕಣ್ಣು ಮುಚ್ಚು."

ಮಗಳು ಕಣ್ಣು ಮುಚ್ಚಿದಳು. ಮೇಷ್ಟ್ರು ಹುಡುಗನಿಂದ ಸ್ಕೇಲು ತೆಗೆದುಕೊಂಡರು. ನಮ್ಮ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ತೋಳು ಮೇಲಕ್ಕೆತ್ತಿ, ದೊಡ್ಡವರು ದೊಡ್ಡವರಿಗೆ ಹೊಡೆಯುವ ಹಾಗೆ ಹೊಡೆದರು. ಮಗಳ ಮಂಡಿ ಬಗ್ಗಿತು. ಹೆಪ್ಪುಗಟ್ಟಿದ್ದು ಒಡೆದು ರಕ್ತ ಬೆರಳುಗಳ ಸಂದಿನಿಂದ ತೊಟ್ಟಿಕ್ಕಿತು. ಅವಳು ಕೂಗಲಿಲ್ಲ. ಕೂಗದಿರಲು ಅವಳಿಗೆ ಅಭ್ಯಾಸವಾಗಿತ್ತು.

"ದ ಗರ್ಲ್ ವಾಸ್ ಹಿಟ್" ಅಂದರು ಮೇಷ್ಟ್ರು. "ಯಾರು ಹೊಡೆದದ್ದು? ಅವಳಿಗೆ ಗೊತ್ತಿಲ್ಲ. ಆದ್ರೂ ವಾಕ್ಯ ಪೂರ್ತಿ."

ಈಗ ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಕುರ್ಚಿಗಳ ನಡುವೆ ನಡೆದೆ. ಯಾರದೋ ಚೀಲ ಬಿತ್ತು. ಯಜಮಾನ, "ಏ, ಹೋಗಿ ನಿಂತ್ಕೋ ಹಿಂದೆ" ಅಂದ. ಸೀಟಿ ಬಾಗಿಲಿಂದ ಊದಿದ. ನನ್ನನ್ನೇ ಊದಿದ್ದು ಎಂದು ತಿಳಿಯಿತು. ನಿಲ್ಲಲಿಲ್ಲ.

"ಓ, ತಾಯಿ ಬಂದ್ರು. ಬನ್ನಿ ಬನ್ನಿ" ಅಂದರು ಮೇಷ್ಟ್ರು, ನಗುತ್ತಾ. ನಾನು ಕೈ ಮುಗಿಯಲು ಬರುತ್ತಿದ್ದೇನೆ ಎಂದುಕೊಂಡಿದ್ದರು.

"ನೀನು ಕೆಳಗಿಳಿಯಪ್ಪ" ಎಂದೆ ಹುಡುಗನಿಗೆ. ಇಳಿದ.

"ಕೈ ಚಾಚಿ" ಎಂದೆ ಮೇಷ್ಟ್ರಿಗೆ.

"ಏನಮ್ಮಾ?"

ಅವರ ಮಣಿಕಟ್ಟು ಹಿಡಿದೆ. ಒದ್ದೆ ಹಾಸಿನ ತುದಿ ಹಿಡಿಯುವ ಹಾಗೆ ಹಿಡಿದು ಬಲಕ್ಕೆ ತಿರುಚಿದೆ. ಎಷ್ಟೋ ವರ್ಷದಿಂದ ತಿರುಚಿದ ಕೈ. ಸ್ಕೇಲು ತಾನಾಗಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಂಡೆ. ಅವರ ಅಂಗೈ ಮೇಲೆ ಮಾಡಿ ಹೊಡೆದೆ. ಮತ್ತೆ ಹೊಡೆದೆ. ಅವರು ಕೂಗಿದರು. ಅವರಿಗೆ ಅಭ್ಯಾಸವಿರಲಿಲ್ಲ. ಸ್ಕೇಲು ಮುರಿಯಿತು. ಮುರಿದ ಮೇಲೆ ಬರಿಗೈಯಲ್ಲಿ ಕೆನ್ನೆಗೆ ಹೊಡೆದೆ. ಕನ್ನಡಕ ಹಾರಿತು. ಇನ್ನೊಂದು ಕೆನ್ನೆಗೆ ಹೊಡೆದೆ. ಅವರು ತಪ್ಪಿಸಿಕೊಳ್ಳಲು ತಿರುಗಿ ಬೋರ್ಡಿನ ಚೌಕಟ್ಟಿಗೆ ಮೂಗು ಬಡಿಸಿಕೊಂಡರು. ಬಿಳಿ ಶರ್ಟಿನ ಮೇಲೆ ರಕ್ತ ಇಳಿಯಿತು. ಬಟ್ಟೆಯ ಮೇಲಿನ ರಕ್ತ ಬೇಗ ನೆನೆಸದಿದ್ದರೆ ಹೋಗುವುದಿಲ್ಲ. ಆ ಹೊತ್ತಿನಲ್ಲೂ ನನ್ನ ತಲೆಗೆ ಅದು ಬಂತು.

ಆಮೇಲೆ ಸೀಟಿ ನನ್ನ ಕೂದಲು ಹಿಡಿದ. ಕಾವಲುಗಾರನೂ ಬಂದ. ವೇದಿಕೆಯಿಂದ ಕೆಳಕ್ಕೆ ಎಳೆದರು. ಹೊಟ್ಟೆಗೆ ಒದ್ದರು. ಪಕ್ಕೆಗೆ ಒದ್ದರು. ಕುರ್ಚಿಯವರು ಕಾಲು ಮೇಲಕ್ಕೆತ್ತಿಕೊಂಡು ಜಾಗ ಬಿಟ್ಟುಕೊಟ್ಟರು. ನೆಲದಿಂದ ನೋಡಿದಾಗ ಮಗಳು ಇನ್ನೂ ಕಣ್ಣು ಮುಚ್ಚಿ ಕೈ ಚಾಚಿಕೊಂಡೇ ನಿಂತಿದ್ದಳು. ಪಾಠ ಮುಗಿಯಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಪುಟ್ಟಿ, ಕಣ್ಣು ಬಿಡು" ಎಂದೆ. ಬಿಟ್ಟಳು.

ನಮ್ಮಿಬ್ಬರನ್ನೂ ಹೆಡ್ ಮೇಡಂ ಕೋಣೆಗೆ ತಂದರು. ಯಜಮಾನ, ಹೆಡ್ ಮೇಡಂ, ಮೂಗಿಗೆ ಹತ್ತಿ ತುರುಕಿಕೊಂಡ ಮೇಷ್ಟ್ರು ಕೂತಿದ್ದರು. ನಮ್ಮನ್ನು ನಿಲ್ಲಿಸಿದ್ದರು. ನನ್ನ ಹಲ್ಲೊಂದು ಅಲ್ಲಾಡುತ್ತಿತ್ತು. ನಾಲಿಗೆಯಲ್ಲಿ ಒತ್ತಿ ಹಿಡಿದಿದ್ದೆ.

"ಪೊಲೀಸರನ್ನ ಕರೀತೀನಿ" ಅಂದ ಯಜಮಾನ.

"ಬೇಡ ಸಾರ್" ಅಂದರು ಮೇಷ್ಟ್ರು. "ಪೊಲೀಸ್ ಬಂದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಒಗೆಯೋಳ ಕೈಲಿ ಏಟು ತಿಂದ ಅಂತ ಆಡ್ಕೊಂಡ್ರೆ ನಾನು ಯಾವ ಮುಖ ಹೊತ್ಕೊಂಡು ಪಾಠ ಮಾಡ್ಲಿ?"

ಯಜಮಾನ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. ಆಮೇಲೆ ದನಿ ಇಳಿಸಿದ. ಅಷ್ಟು ಮೆತ್ತಗೆ ಅವನು ನನ್ನ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ.

"ನೋಡಮ್ಮ. ನೋಡಿದೋರೆಲ್ಲ ನಮ್ಮೋರೇ. ನಾನು ಹೇಳಿದ್ರೆ ಒಪ್ಕೋತಾರೆ. ಮೇಷ್ಟ್ರು ವೇದಿಕೆ ಅಂಚಲ್ಲಿ ಕಾಲಿಟ್ರು, ಜಾರಿ ಬಿದ್ರು. ನೀನು ಎತ್ತೋಕೆ ಹೋದೆ. ಅಷ್ಟೇ. ನಿನ್ನ ಕೆಲಸ ಇರುತ್ತೆ. ಹುಡುಗಿ ಸೀಟೂ ಇರುತ್ತೆ."

ಜಾರಿ ಬಿದ್ರು.

"ನನ್ನ ಮಗಳನ್ನ ಮುಂದೆ ನಿಲ್ಲಿಸೋದು?" ಎಂದೆ.

"ಪಾಠ ನಡೀಬೇಕಲ್ಲ. ಯಾರೋ ಒಬ್ರು ನಿಲ್ಲಲೇಬೇಕು" ಅಂದ. "ಬೇಕಾದ್ರೆ ಕೈ ವಾಸಿಯಾಗೋವರೆಗೂ ಬೇರೆ ಯಾರನ್ನಾದ್ರೂ ನಿಲ್ಲಿಸ್ತಾರೆ. ಉದ್ದ ಇದಾಳಲ್ಲ ನಿನ್ನ ಜೊತೆಯವಳು, ಅವಳ ಮೊಮ್ಮಗಳೂ ಇಲ್ಲೇ ಇದಾಳೆ."

ಹೂಂ ಅಂದರೆ ಸಾಕಿತ್ತು. ಬಾಯಿ ತೆರೆಯುವುದೂ ಬೇಕಿರಲಿಲ್ಲ, ತಲೆ ಆಡಿಸಿದರೆ ಸಾಕಿತ್ತು. ಕೆಲಸ ಉಳಿಯುತ್ತಿತ್ತು. ಶಾಲೆ ಉಳಿಯುತ್ತಿತ್ತು. ಅಮ್ಮನಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ನಾನು ಹೊಡೆದೇ ಇಲ್ಲ ಎಂದು ಯಜಮಾನನೇ ಸಾಕ್ಷಿ ಹೇಳುತ್ತಿದ್ದ.

"ಜಾರಿ ಬೀಳ್ಲಿಲ್ಲ" ಎಂದೆ. "ನಾನು ಹೊಡೆದೆ."

"ಏ—"

"ನನ್ನ ಅಣ್ಣನೂ ಜಾರಿ ಬೀಳ್ಲಿಲ್ಲ. ನಿಮ್ಮ ಮೇಸ್ತ್ರಿ ಕಡೆಯೋರು ಬಾಯ್ಲರ್ ಹಿಂದೆ ಹೊಡೆದು ಸಾಯಿಸಿದ್ರು. ಆಗ ಯಜಮಾನ ಆಗಿದ್ದ ನಿಮ್ಮ ಅಪ್ಪ ಇದೇ ಥರ ಕೂತಿದ್ರು. ಪೊಲೀಸರನ್ನ ಕರೀರಿ. ಎರಡೂ ಹೇಳ್ತೀನಿ."

ಯಜಮಾನನ ಕತ್ತು ಕೆಂಪಾಯಿತು. ಹೆಡ್ ಮೇಡಂ ಅವಸರದಲ್ಲಿ ಮಗಳ ಕಡೆ ತಿರುಗಿದಳು. "ನೀನು ಜಾಣೆ. ನೀನು ಹೇಳು. ಇಂಗ್ಲಿಷಲ್ಲಿ ಹೇಳ್ಬೇಕು, ಇಲ್ಲಿ ರೂಲು ಗೊತ್ತಲ್ಲ. ಮೇಷ್ಟ್ರಿಗೆ ಏನಾಯ್ತು?"

ಮಗಳು ನೆಟ್ಟಗೆ ನಿಂತಳು. ರಕ್ತ ಲಂಗದ ನಿರಿಗೆಯ ಮೇಲೆ ಇಳಿದಿತ್ತು.

"ಮೈ ಮದರ್ ಹಿಟ್ ಹಿಮ್" ಅಂದಳು. ಆಮೇಲೆ ಮೇಷ್ಟ್ರನ್ನೇ ನೋಡುತ್ತಾ, "ಹಿ ಹಿಟ್ ಮಿ ಎವೆರಿ ಡೇ" ಅಂದಳು.

ನನಗೆ ಇಂಗ್ಲಿಷ್ ಬರುವುದಿಲ್ಲ. ಬೈ ಎಂಬ ಪದ ಬರುತ್ತದೇನೋ ಎಂದು ಕಿವಿಗೊಟ್ಟೆ. ಬರಲಿಲ್ಲ. ಹೊಡೆದವರು ಮುಂದೆ ನಿಂತಿದ್ದರು. ನಾನೂ, ಅವರೂ.

ಮೇಷ್ಟ್ರು ತಲೆ ತಗ್ಗಿಸಿ ಹತ್ತಿ ಸರಿಮಾಡಿಕೊಂಡರು. ಪೊಲೀಸರನ್ನು ಯಾರೂ ಕರೆಯಲಿಲ್ಲ. ಗೇಟಿನವರೆಗೆ ನಮ್ಮನ್ನು ತಳ್ಳಿಕೊಂಡು ಬಂದ ಸೀಟಿ ಕೊನೆಯದಾಗಿ ನನ್ನ ಸೊಂಟಕ್ಕೆ ಒದ್ದ. "ನಾಳೆಯಿಂದ ಲಾಂಡ್ರಿ ಗೇಟಿನ ಹತ್ರ ಕಂಡ್ರೆ ಬಾಯ್ಲರ್ ಹಿಂದೆ ಇನ್ನೂ ಜಾಗ ಇದೆ" ಅಂದ. ಮಗಳ ಪುಸ್ತಕದ ಚೀಲವನ್ನು ಹಿಂದಿನಿಂದ ರಸ್ತೆಗೆ ಎಸೆದರು.

ದಾರಿಯಲ್ಲಿ ಉದ್ದಕ್ಕನ ಮನೆಗೆ ಹೋದೆ. ಪಾಳಿ ಮುಗಿಸಿ ಬಂದು ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದಳು. ನನ್ನ ಮುಖ ನೋಡಿ ಚೊಂಬು ಕೆಳಗಿಟ್ಟಳು.

"ಯಾರೇ ಹೊಡೆದದ್ದು?"

"ಸೀಟಿ. ಕಾವಲುಗಾರ. ಅದಕ್ಕಿಂತ ಮುಂಚೆ ನಾನು ಮೇಷ್ಟ್ರಿಗೆ ಹೊಡೆದೆ. ಅಕ್ಕಾ, ನಾಳೆ ನಿನ್ನ ಮೊಮ್ಮಗಳನ್ನ ಮುಂದೆ ನಿಲ್ಲಿಸ್ತಾರೆ."

ಮಗಳ ಅಂಗೈ ಬಿಡಿಸಿ ತೋರಿಸಿದೆ. ಉದ್ದಕ್ಕ ಬೆರಳಿಟ್ಟು ಬಾಸುಂಡೆ ಎಣಿಸಿದಳು. ಆಮೇಲೆ ಒಳಗೆ ಕೂಗಿ ಮೊಮ್ಮಗಳನ್ನು ಕರೆದಳು. "ನಾಳೆ ನಿನ್ನ ಜೊತೆ ನಾನೂ ಸ್ಕೂಲಿಗೆ ಬರ್ತೀನಿ" ಅಂದಳು. "ಆ ಮೇಷ್ಟ್ರು ನನ್ನನ್ನ ನಿಲ್ಲಿಸ್ಲಿ. ನನ್ನ ಕೈ ಇನ್ನೂ ಗಟ್ಟಿ ಇದೆ."

ಮನೆಯಲ್ಲಿ ಅಮ್ಮ ಎದ್ದು ಗೋಡೆಗೆ ಒರಗಿ ಕೂತಿದ್ದಳು. ಸುದ್ದಿ ನಮಗಿಂತ ಮೊದಲೇ ಓಣಿಗೆ ಬಂದಿತ್ತು. ಯಜಮಾನನ ಕಡೆಯವರು ಹೇಳಿ ಕಳಿಸಿದ ಸುದ್ದಿ.

"ಮೇಷ್ಟ್ರು ಜಾರಿ ಬಿದ್ರಂತಲ್ಲ" ಅಂದಳು. ಅವಳ ಕಣ್ಣು ನನ್ನ ಊದಿದ ಮುಖದ ಮೇಲಿತ್ತು. "ಹೌದಾ? ಹೌದು ಅನ್ನು. ಹೌದು ಅಂದುಬಿಡು."

"ಇಲ್ಲ ಅಮ್ಮ."

"ನೀನು ಕೈ ಎತ್ತಿಲ್ಲ ತಾನೇ?"

ನಾನು ಅವಳ ಎದುರು ಕೂತೆ. ಅಲ್ಲಾಡುತ್ತಿದ್ದ ಹಲ್ಲನ್ನು ಕಿತ್ತು ನೆಲದ ಮೇಲಿಟ್ಟೆ. ಮಗಳು ಪಕ್ಕದಲ್ಲಿ ಕೂತು ಎಣ್ಣೆಯ ಬಟ್ಟಲು ಎಳೆದುಕೊಂಡಳು. ಈ ಸಲ ಅವಳ ಕೈಗೆ ನಾನು ಹಚ್ಚಿದೆ.

"ಎತ್ತಿದೆ" ಎಂದೆ.

ಅಮ್ಮನಿಗೆ ಕೊಟ್ಟ ಮಾತನ್ನು ನಾನು ಮುರಿದೆ.